ಬ್ಯಾಂಕಾಕ್‌ನಲ್ಲಿ ಆರು ವರ್ಷ: ಇಲ್ಲಿ ಮನೆ ಮಾಡಿ ಇರುವುದು ಹೇಗಿದೆ?

ನಾಲ್ಕು ದಿನ ಸುತ್ತಿ ಹೋದವರು ಥಾಯ್ಲೆಂಡ್ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಇದು ಅದಲ್ಲ. ನಾನು ಪುತ್ತೂರಿನ ಕಡೆಯವಳು. 2019ರಲ್ಲಿ ಕೆಲಸ ಸಿಕ್ಕಿ ಬ್ಯಾಂಕಾಕ್‌ಗೆ ಬಂದೆ. ಆಗಿನಿಂದ ಇಲ್ಲೇ ಇದ್ದೇನೆ, ಓನ್ ನುಟ್ ಎಂಬ ಕಡೆ ಬಾಡಿಗೆ ಮನೆ. ಊರಿಗೆ ಹೋದಾಗೆಲ್ಲ "ನಾವೂ ಅಲ್ಲಿಗೆ ಬಂದು ಇರಬಹುದಾ?" ಎಂದು ಯಾರಾದರೂ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ದಿನದ ಬದುಕಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಕಾಗದಪತ್ರದ ವಿಷಯಕ್ಕೆ ಎರಡು. ಈ ಎರಡನ್ನೂ ಕೂಡಿಸಿ ಸರಾಸರಿ ತೆಗೆಯಲು ಹೋಗಬೇಡಿ, ಯಾಕೆಂದರೆ ಇವೆರಡೂ ಬೇರೆ ಬೇರೆ ಊರಿನ ಕಥೆ ಎನ್ನುವಷ್ಟು ಬೇರೆ.

ಮನೆಯಿಂದ ಶುರು ಮಾಡುತ್ತೇನೆ. ಇಲ್ಲಿ ಎರಡು ತಿಂಗಳ ಬಾಡಿಗೆ ಡೆಪಾಸಿಟ್, ಒಂದು ತಿಂಗಳದ್ದು ಮುಂಗಡ. ಅಷ್ಟೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್‌ಗೆ ಸಾಲ ಮಾಡಿದ್ದ ನನಗೆ ಇದೇ ದೊಡ್ಡ ಸಮಾಧಾನ ಆಗಿತ್ತು. ನಾನು ಕೊಡುವುದು ತಿಂಗಳಿಗೆ 13,000 ಬಹ್ತ್. ಒಂದು ಬಹ್ತ್ ಅಂದರೆ ಎರಡೂವರೆ ರೂಪಾಯಿಗಿಂತ ಜಾಸ್ತಿ ಎಂದು ಲೆಕ್ಕ ಹಾಕಿಕೊಳ್ಳಿ. ಮಂಚ, ಸೋಫಾ, ಎಸಿ, ಫ್ರಿಜ್, ಬಟ್ಟೆ ಒಗೆಯುವ ಮಷಿನ್ ಎಲ್ಲ ಇತ್ತು, ಎರಡು ಸೂಟ್‌ಕೇಸ್ ಹಿಡಿದು ಬಂದವಳು ಅದೇ ರಾತ್ರಿ ಅಲ್ಲೇ ಮಲಗಿದೆ. ಆದರೆ ಅಡುಗೆಮನೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಗೋಡೆ ಪಕ್ಕ ಎರಡು ಉರಿಯ ಕರೆಂಟ್ ಒಲೆ, ಒಂದು ಸಿಂಕ್. ಇಲ್ಲಿನವರು ಹೆಚ್ಚಾಗಿ ಹೊರಗೆ ತಿನ್ನುತ್ತಾರೆ, ಹಾಗಾಗಿ ಕಾಂಡೊ, ಅಂದರೆ ಅಪಾರ್ಟ್‌ಮೆಂಟ್ ಕಟ್ಟುವವರು ಅಡುಗೆಗೆ ಜಾಗವನ್ನೇ ಬಿಡುವುದಿಲ್ಲ. ದಿನಾ ಒಗ್ಗರಣೆ ಹಾಕುವವರು ಕಿಟಕಿ ಎಲ್ಲಿದೆ ಎಂದು ನೋಡಿಯೇ ಮನೆ ಒಪ್ಪಿಕೊಳ್ಳಿ.

ಮನೆ ಹುಡುಕುವಾಗ ಒಂದು ಬೇಸರದ ಸಂಗತಿ ನಡೆಯಿತು. ಒಂದು ಕಟ್ಟಡದಲ್ಲಿ ಮನೆ ನೋಡಿ, ಮೆಚ್ಚಿ, ನಾಳೆ ದುಡ್ಡು ಕೊಡುತ್ತೇನೆ ಎಂದು ಬಂದಿದ್ದೆ. ಸಂಜೆ ಏಜೆಂಟ್ ಹುಡುಗಿ ಫೋನ್ ಮಾಡಿ, ಮಾಲೀಕರಿಗೆ ಇಂಡಿಯಾದವರು ಬೇಡವಂತೆ, ಅಡುಗೆ ವಾಸನೆ ಗೋಡೆಗೆ ಹಿಡಿಯುತ್ತದಂತೆ ಎಂದಳು. ಪಾಪ, ಅವಳಿಗೇ ಹೇಳಲು ಕಷ್ಟವಾಗುತ್ತಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಂಥದ್ದು ಎಲ್ಲರಿಗೂ ಆಗುತ್ತದೆ ಎಂದು ಹೇಳುವುದಿಲ್ಲ, ಆದರೆ ಆಗಬಹುದು, ತಿಳಿದಿರಲಿ. ಮುಂದೆ ಸಿಕ್ಕಿದ ಈಗಿನ ಮನೆಯೊಡತಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಅವರನ್ನು ನಾನು 'ಪಾ' ಎಂದು ಕರೆಯುತ್ತೇನೆ. ಥಾಯ್ ಭಾಷೆಯಲ್ಲಿ ಅಪ್ಪ ಅಮ್ಮನ ಅಕ್ಕನಿಗೆ ಪಾ ಎನ್ನುತ್ತಾರೆ, ನಮ್ಮ ದೊಡ್ಡಮ್ಮ ಇದ್ದ ಹಾಗೆ. ಏಪ್ರಿಲ್ ಬಂತೆಂದರೆ ಚೀಲದಲ್ಲಿ ಮಾವಿನಹಣ್ಣು ತಂದು ಬಾಗಿಲಿಗೆ ತೂಗುಹಾಕಿ ಹೋಗುತ್ತಾರೆ.

ಎರಡು ಕಿವಿಮಾತು. ಕರೆಂಟ್ ಬಿಲ್ ನೇರವಾಗಿ ಸರ್ಕಾರಿ ಮೀಟರ್‌ನದ್ದಾ, ಅಥವಾ ಕಟ್ಟಡದವರೇ ದರ ಹಾಕುತ್ತಾರಾ ಎಂದು ಕೇಳಿ. ಸರ್ಕಾರಿ ದರ ಯೂನಿಟ್‌ಗೆ ನಾಲ್ಕು ಬಹ್ತ್ ಆಸುಪಾಸು, ಕೆಲವು ಕಡೆ ಏಳೆಂಟು ಹಾಕುತ್ತಾರೆ, ಎಸಿ ಇಲ್ಲದೆ ಇರಲಾಗದ ಊರಿನಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ. ಇನ್ನೊಂದು, ಬಂದ ದಿನವೇ ಪ್ರತಿ ಗೋಡೆ, ಪ್ರತಿ ಬಾಗಿಲಿನ ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಮೊದಲ ಮನೆಯಲ್ಲಿ ಹಳೆಯ ಕಲೆಗೆ ನನ್ನ ಡೆಪಾಸಿಟ್‌ನಲ್ಲಿ ಅರ್ಧ ಹಿಡಿದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಓಡಾಟಕ್ಕೆ ಈ ಊರು ಚೆನ್ನಾಗಿದೆ. ಬಿಟಿಎಸ್ ಮೇಲ್ಸೇತುವೆ ರೈಲು 1999ರಿಂದ ಇದೆ, ನೆಲದಡಿಯ ಮೆಟ್ರೊ 2004ರಿಂದ. ಸ್ಟೇಷನ್‌ನಿಂದ ಮನೆವರೆಗಿನ ಗಲ್ಲಿಗೆ 'ಸೋಯ್' ಎನ್ನುತ್ತಾರೆ. ಆ ಸೋಯ್ ಬಾಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೈಕ್‌ನವರು ಕೂತಿರುತ್ತಾರೆ, ಒಂದು ಮಾತೂ ಆಡದೆ ಹತ್ತಿ ಕೂತರೆ ಮನೆ ಮುಂದೆ ಇಳಿಸುತ್ತಾರೆ. ಅವರಿಗೆ ಈಗ ನನ್ನ ಮನೆ ಗೊತ್ತು. ನನಗೆ ಎಲ್ಲಕ್ಕಿಂತ ಇಷ್ಟ ಸೆನ್ ಸೆಪ್ ಕಾಲುವೆಯ ದೋಣಿ. ನೀರು ಕಪ್ಪು, ವಾಸನೆ ಇದೆ ನಿಜ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೆತ್ತುತ್ತಾರೆ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಮೇಲೆ ರಸ್ತೆಯಲ್ಲಿ ಒಂದು ಗಂಟೆ ಹಿಡಿಯುವ ದಾರಿ ಅಲ್ಲಿ ಇಪ್ಪತ್ತು ನಿಮಿಷ. ಆದರೆ ರಸ್ತೆ ದಾಟುವಾಗ ಮಾತ್ರ ಎಚ್ಚರ. ಜೀಬ್ರಾ ಪಟ್ಟಿಯಲ್ಲಿ ಗಾಡಿ ನಿಲ್ಲುತ್ತದೆ ಎಂದು ನಂಬಬೇಡಿ.

ಊಟದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಊರಿನಿಂದ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ನಾನು ಸಸ್ಯಾಹಾರಿ. ಬರೀ ತರಕಾರಿ ಎಂದು ಕೊಟ್ಟದ್ದರಲ್ಲೂ ನಾಮ್ ಪ್ಲಾ, ಅಂದರೆ ಮೀನಿನ ಸಾಸ್ ಇರುತ್ತದೆ. ಅವರಿಗೆ ಅದು ಉಪ್ಪು ಇದ್ದ ಹಾಗೆ, ಮೀನು ಎಂದು ಲೆಕ್ಕಕ್ಕೇ ಬರುವುದಿಲ್ಲ. ಮೊದಲ ಮೂರು ತಿಂಗಳು ನಾನು ಅನ್ನ, ಹಣ್ಣು, ಮೊಸರು ಎಂದು ದಿನ ದೂಡಿದೆ. ಆಮೇಲೆ 'ಜೇ' ಎಂಬ ಒಂದು ಶಬ್ದ ಕಲಿತೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ನಮ್ಮ ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ ಅಲ್ವಾ, ಅದೇ ನೆನಪಾಯಿತು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಜೇ ಹಬ್ಬ. ಹಲವು ವರ್ಷ ಅದು ನಮ್ಮ ನವರಾತ್ರಿ ಜೊತೆಗೇ ಬರುತ್ತದೆ, 2024ರಲ್ಲಿ ಎರಡೂ ಅಕ್ಟೋಬರ್ 3ಕ್ಕೇ ಶುರುವಾದವು. ಆ ಒಂಬತ್ತು ದಿನ ಯಾವರಾತ್ ಎಂಬ ಚೀನಾ ಪೇಟೆಗೆ ಹೋದರೆ ಬೀದಿಯುದ್ದಕ್ಕೂ ಹಳದಿ ಬಾವುಟ, ನಾನು ಏನನ್ನೂ ಕೇಳದೆ ತಿನ್ನಬಹುದಾದ ದಿನಗಳು ಅವು.

ಉಳಿದ ದಿನಕ್ಕೆ "ಮೈ ಸಾಯ್ ನಾಮ್ ಪ್ಲಾ", ಮೀನಿನ ಸಾಸ್ ಹಾಕಬೇಡಿ, ಎಂಬ ಮಾತು ಕಲಿತರೆ ಅರ್ಧ ಗೆದ್ದಂತೆ. ಪಪ್ಪಾಯಿ ಕುಟ್ಟಿ ಮಾಡುವ ಸೋಮ್ ತಮ್‌ಗೆ ಒಣ ಸಿಗಡಿಯನ್ನೂ ಬೇಡ ಎನ್ನಬೇಕು. ಸಂಜೆ ಮಾರುಕಟ್ಟೆಯಲ್ಲಿ ಖನೋಮ್ ಖ್ರೋಕ್ ಎಂಬ ತಿಂಡಿ ಮಾಡುತ್ತಾರೆ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಮತ್ತೆ ನಮ್ಮ ಗುಳಿಯಪ್ಪದ ಕಾವಲಿಯಂಥದ್ದೇ ಕಾವಲಿ! ಮೊದಲ ಸಲ ನೋಡಿದಾಗ ಅಮ್ಮನಿಗೆ ಅಲ್ಲೇ ನಿಂತು ವಿಡಿಯೊ ಕಾಲ್ ಮಾಡಿದೆ. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟು ಅನ್ನ, ಹಲಸು, ರಂಬುಟಾನ್, ಎಳನೀರು, ಕರಾವಳಿಯವರಿಗೆ ಇಲ್ಲಿ ನಾಲಿಗೆ ಬೇಜಾರಾಗುವುದಿಲ್ಲ. ಸಾಂಬಾರ್ ಸಾಮಾನು, ಬೇಳೆ, ಕರಿಬೇವಿಗೆ ಪಾಹುರತ್ ಪೇಟೆ ಇದೆ. ಕುಚ್ಚಲಕ್ಕಿ ಮಾತ್ರ ನಾನು ಊರಿನಿಂದಲೇ ತರುತ್ತೇನೆ.

ಭಾಷೆ ಕಲಿಯದೆಯೂ ಇಲ್ಲಿ ವರ್ಷಗಟ್ಟಲೆ ಇರುವವರಿದ್ದಾರೆ. ನನ್ನ ಮಾತು ಕೇಳಿ, ಕಲಿಯಿರಿ. ಐದು ಸ್ವರ ಇದೆ, 'ಮಾ' ಎಂಬುದನ್ನು ಹೇಗೆ ಎಳೆಯುತ್ತೀರಿ ಎಂಬುದರ ಮೇಲೆ ಅದು ಬಾ, ಕುದುರೆ ಅಥವಾ ನಾಯಿ ಆಗುತ್ತದೆ, ಅದು ಕಷ್ಟವೇ. ಆದರೆ ಅಕ್ಷರಮಾಲೆ ನಮ್ಮ ಕ ವರ್ಗ, ಚ ವರ್ಗದ ಕ್ರಮದಲ್ಲೇ ಇದೆ. ಶಬ್ದಗಳೂ ಎಲ್ಲೋ ಕೇಳಿದಂತೆ ಇರುತ್ತವೆ. ಆಹಾರಕ್ಕೆ ಆಹಾನ್, ವೇಳೆಗೆ ವೇಲಾ, ಭಾಷೆಗೆ ಫಾಸಾ, ಸಸ್ಯಾಹಾರಕ್ಕೆ ಮಂಗ್ಸವಿರತ್, ಅಂದರೆ ಮಾಂಸ ವಿರತಿ! ಹೊಸ ವರ್ಷ ಸೊಂಗ್ಕ್ರಾನ್, ಏಪ್ರಿಲ್ 13ರಿಂದ 15. ಸಂಕ್ರಾಂತಿ ಎಂಬ ಶಬ್ದದಿಂದಲೇ ಬಂದದ್ದು, ನಮ್ಮ ಬಿಸು ಹಬ್ಬವೂ ಅದೇ ಹೊತ್ತಿಗೆ.

ಆಫೀಸಿನಲ್ಲಿ ಕಲಿತ ಇನ್ನೊಂದು ಶಬ್ದ 'ಕ್ರೆಂಗ್ ಜೈ'. ವಿದೇಶಿಯರು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ಕನ್ನಡದಲ್ಲಿ ಒಂದೇ ಶಬ್ದ ಸಾಕು, ದಾಕ್ಷಿಣ್ಯ. ಎದುರಿಗೆ ಇಲ್ಲ ಎನ್ನುವುದಿಲ್ಲ, ತೊಂದರೆ ಕೊಡಬಾರದು ಎಂದು ಸುಮ್ಮನಿರುತ್ತಾರೆ. ಕೆಲಸ ಶುಕ್ರವಾರಕ್ಕೆ ಆಗುತ್ತದಾ ಎಂದು ಕೇಳಿ "ಆಗುತ್ತದೆ" ಎಂಬ ಉತ್ತರ ನಂಬಿ ಮೊದಲ ವರ್ಷ ನಾನು ಬಹಳ ಸಲ ಸಿಕ್ಕಿಹಾಕಿಕೊಂಡೆ. ಈಗ "ಏನು ಕಷ್ಟ ಆಗುತ್ತಿದೆ?" ಎಂದು ಕೇಳುತ್ತೇನೆ, ಆಗ ಹೇಳುತ್ತಾರೆ.

ಈಗ ನಾನು ಎರಡೇ ಅಂಕ ಕೊಟ್ಟ ಕಾಗದಪತ್ರದ ವಿಷಯ. ನಮ್ಮಂಥವರಿಗೆ ಇಲ್ಲಿನ ಶಬ್ದ 'ಖೇಕ್'. ಬಿಳಿಯರಿಗೆ ಫರಾಂಗ್ ಎನ್ನುತ್ತಾರೆ, ಇಂಡಿಯಾ ಕಡೆಯವರಿಗೆ, ಮಲಯರಿಗೆ ಖೇಕ್. ಆ ಶಬ್ದದ ಇನ್ನೊಂದು ಅರ್ಥ ಅತಿಥಿ. ಕೆಲವರು ಕೀಳಾಗಿ ಬಳಸುತ್ತಾರೆ, ಕೆಲವರು ಸುಮ್ನೆ ರೂಢಿಯಲ್ಲಿ. ನನಗೆ ಆ ಶಬ್ದ ಸರಿಯಾಗಿ ಅರ್ಥವಾದದ್ದು ವೀಸಾ ಕಚೇರಿಯಲ್ಲಿ ಟೋಕನ್ ಹಿಡಿದು ಕೂತಾಗ. ಎಷ್ಟು ವರ್ಷ ಇದ್ದರೂ ನೀವು ಅತಿಥಿಯೇ.

90 ದಿನಕ್ಕೊಮ್ಮೆ ನಾನು ಇಲ್ಲೇ ಇದ್ದೇನೆ, ಇದೇ ವಿಳಾಸ ಎಂದು ಆ ಕಚೇರಿಗೆ ತಿಳಿಸಬೇಕು. ಹದಿನೈದು ದಿನ ಮೊದಲಿನಿಂದ ಏಳು ದಿನ ಆಮೇಲಿನವರೆಗೆ ಸಮಯ. ಮೊದಲ ಸಲ ನಾನೇ ಹೋಗಿ ಕೊಟ್ಟೆ, ಈಗ ಆನ್‌ಲೈನ್‌ನಲ್ಲಿ ಮಾಡುತ್ತೇನೆ. ಮನೆ ಬದಲಿಸಿದರೆ ಮಾಲೀಕರು 24 ಗಂಟೆಯೊಳಗೆ ಟಿಎಂ 30 ಎಂಬ ಅರ್ಜಿ ಹಾಕಿ, ವಿದೇಶಿಯರು ತಮ್ಮ ಮನೆಯಲ್ಲಿದ್ದಾರೆ ಎಂದು ತಿಳಿಸಬೇಕು. ಮಾಲೀಕರಿಗೆ ಅದು ಗೊತ್ತಿಲ್ಲದಿದ್ದರೆ ಮುಂದೆ ಪರದಾಡುವುದು ನೀವು, ಹಾಗಾಗಿ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಿ. ದೇಶ ಬಿಟ್ಟು ಹೋಗುವ ಮೊದಲು ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳಬೇಕು, ಒಂದು ಸಲಕ್ಕೆ 1,000 ಬಹ್ತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಅದಿಲ್ಲದೆ ವಿಮಾನ ಹತ್ತಿದರೆ ಇದ್ದ ಅನುಮತಿ ಅಲ್ಲಿಗೇ ಸತ್ತಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ತಂದೆ ತೀರಿಕೊಂಡ ಸುದ್ದಿ ಬಂದ ರಾತ್ರಿ ಹಾಗೇ ಹೊರಟುಬಿಟ್ಟರು. ತಿಥಿ ಮುಗಿಸಿ ಬಂದ ಮೇಲೆ ಮೊದಲಿನಿಂದ ಎಲ್ಲ ಅರ್ಜಿ ಹಾಕಿದರು. ಅದಕ್ಕೇ ನಾನು ಯಾವಾಗಲೂ 3,800 ಕೊಟ್ಟು ವರ್ಷದ್ದನ್ನೇ ಮಾಡಿಸಿಡುತ್ತೇನೆ. ನಮ್ಮ ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಯಾವಾಗ ಫೋನ್ ಬರುತ್ತದೋ ಗೊತ್ತಿಲ್ಲ.

ಕೆಲಸದ ಮೇಲೆ ಬಂದವರ ಅನುಮತಿ ಆ ಕಂಪನಿಗೇ ಕಟ್ಟಿಹಾಕಿದ್ದು. ಕೆಲಸ ಮುಗಿದ ದಿನವೇ ಇಲ್ಲಿರುವ ಹಕ್ಕೂ ಮುಗಿಯುತ್ತದೆ. ಆರು ವರ್ಷ ಬಾಡಿಗೆ, ತೆರಿಗೆ ಎಲ್ಲ ಕಟ್ಟಿದ ಊರು ಒಂದು ಪತ್ರದಿಂದ ನಿಮ್ಮದಲ್ಲವಾಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಕೊರತೆ. ಜಾಗ ಖರೀದಿಸುವಂತಿಲ್ಲ. ಕಾಂಡೊ ಖರೀದಿಸಬಹುದು, ಆದರೆ ಒಂದು ಕಟ್ಟಡದ ವಿಸ್ತೀರ್ಣದಲ್ಲಿ 49 ಶೇಕಡಾ ಮಾತ್ರ ವಿದೇಶಿಯರದ್ದಾಗಬಹುದು. ಕಾಯಂ ನಿವಾಸಕ್ಕೆ ಒಂದು ದೇಶದವರಿಗೆ ವರ್ಷಕ್ಕೆ 100 ಜನರ ಮಿತಿ. ಇಂಡಿಯಾದಿಂದ ಎಷ್ಟು ಜನ ಅರ್ಜಿ ಹಾಕುವವರಿರಬಹುದು, ನೀವೇ ಯೋಚಿಸಿ.

ನನ್ನ ಗಂಡ ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವವರು. ಹೊರದೇಶದ ಕಂಪನಿಗೆ ಇಲ್ಲಿ ಕೂತು ಕೆಲಸ ಮಾಡುವಂಥವರಿಗೆ 2024ರ ಜುಲೈನಲ್ಲಿ ಬಂದ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಅವರಿಗೆ ಅನುಕೂಲವಾಯಿತು. ಐದು ವರ್ಷದ ವೀಸಾ, ಒಂದು ಸಲ ಬಂದರೆ 180 ದಿನ, ಬ್ಯಾಂಕಿನಲ್ಲಿ 5,00,000 ಬಹ್ತ್ ತೋರಿಸಬೇಕು. ಐವತ್ತು ದಾಟಿದವರಿಗೆ ನಿವೃತ್ತಿಯ ವೀಸಾ ಇದೆ, ಅದಕ್ಕೆ ಬ್ಯಾಂಕಿನಲ್ಲಿ 8,00,000 ಅಥವಾ ತಿಂಗಳಿಗೆ 65,000 ಬಹ್ತ್ ಆದಾಯ. ವರ್ಷದಲ್ಲಿ 180 ದಿನ ಇಲ್ಲಿದ್ದರೆ ತೆರಿಗೆ ಲೆಕ್ಕಕ್ಕೆ ಇಲ್ಲಿನವರಾಗುತ್ತೀರಿ, 2024ರಿಂದ ಹೊರಗಿನ ಆದಾಯ ಇಲ್ಲಿಗೆ ತಂದರೂ ತೆರಿಗೆ ಬರುತ್ತದೆ. ಲೆಕ್ಕ ಬಲ್ಲವರನ್ನು ಕೇಳಿಯೇ ದುಡ್ಡು ತನ್ನಿ.

ಗಾಳಿಯ ವಿಷಯ ಮುಚ್ಚಿಡಬಾರದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬ್ಯಾಂಕಾಕ್‌ನ ಗಾಳಿ ಕೆಟ್ಟಿರುತ್ತದೆ. 2025ರ ಜನವರಿಯಲ್ಲಿ ನೂರಾರು ಶಾಲೆ ಮುಚ್ಚಿದರು, ಜನ ಕಾರು ಬಿಡಲಿ ಎಂದು ಒಂದು ವಾರ ರೈಲು ಬಸ್ಸು ಉಚಿತ ಮಾಡಿದರು. ಚಿಯಾಂಗ್ ಮಾಯ್ ಚೆಂದದ ಊರು, ಖರ್ಚೂ ಕಮ್ಮಿ, ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ ಕಾಡು ಸುಡುವ ಹೊಗೆ ಕಣಿವೆಯಲ್ಲೇ ನಿಂತುಬಿಡುತ್ತದೆ. ಉಬ್ಬಸ ಇರುವವರು, ಸಣ್ಣ ಮಕ್ಕಳಿರುವವರು ಆ ತಿಂಗಳುಗಳಲ್ಲಿ ಒಮ್ಮೆ ಬಂದು ನೋಡಿಯೇ ನಿರ್ಧಾರ ಮಾಡಿ.

ಆಸ್ಪತ್ರೆ ಚೆನ್ನಾಗಿದೆ. ಡೆಂಗ್ಯೂ ಬಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ರಾತ್ರಿ ಇದ್ದೆ, ನೋಡಿಕೊಂಡ ರೀತಿ ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ವಿಮೆ ಇಲ್ಲದಿದ್ದರೆ ಬಿಲ್ ಕಟ್ಟುವುದು ಕಷ್ಟವಿತ್ತು, ವಿಮೆ ಮಾಡಿಸದೆ ಬರಲೇಬೇಡಿ. ಇ-ಸಿಗರೇಟ್ ಇಲ್ಲಿ ಕಾನೂನುಬಾಹಿರ. ರಾಜಮನೆತನದ ಬಗ್ಗೆ ಹಗುರ ಮಾತು ಬೇಡ, ಆನ್‌ಲೈನ್‌ನಲ್ಲೂ ಬೇಡ, ಒಂದು ಆರೋಪಕ್ಕೆ 3ರಿಂದ 15 ವರ್ಷ ಜೈಲು. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಸ್ಟೇಷನ್‌ನಲ್ಲಿ ರಾಷ್ಟ್ರಗೀತೆ ಬಂದಾಗ ಎಲ್ಲರೂ ನಿಲ್ಲುತ್ತಾರೆ, ನೀವೂ ನಿಲ್ಲಿ.

ಸೀಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ. ಜನ ಅದನ್ನು ವಾಟ್ ಖೇಕ್ ಎನ್ನುತ್ತಾರೆ. ವಿಜಯದಶಮಿ ರಾತ್ರಿ ಉತ್ಸವ ಹೊರಡುವಾಗ ರಸ್ತೆಯ ಎರಡೂ ಬದಿ ಸಾವಿರಾರು ಜನ, ನಮ್ಮವರಿಗಿಂತ ಥಾಯ್ ಜನರೇ ಜಾಸ್ತಿ. ಚೆಂಡು ಹೂ, ತೆಂಗಿನಕಾಯಿ, ದೀಪ ಇಟ್ಟು ನೆಲದ ಮೇಲೆ ಕೂತು ಕಾಯುತ್ತಾರೆ. 2024ರಲ್ಲಿ ನಮ್ಮ ಮನೆಯೊಡತಿ ಪಾ ನನ್ನ ಜೊತೆ ಬಂದಿದ್ದರು. ನನಗೆ ಜಾಗ ಹಿಡಿದು, ಚಾಪೆ ಹಾಸಿ, ತೆಂಗಿನಕಾಯಿ ಎಲ್ಲಿಡಬೇಕು ಎಂದು ಅವರೇ ತೋರಿಸಿಕೊಟ್ಟರು.

ನಮ್ಮ ಮನೆಯ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಬರೆದುಕೊಡಿ ಎಂದು ಮೊನ್ನೆ ಅವರಿಗೆ ಹೇಳಿದ್ದೇವೆ.