ಕಟಿಂಗ್‌ಗೆ ನಾಲ್ಕೂವರೆ ಸ್ಟಾರ್, ಕೆನಡಿ ಕಥೆಗೆ ಅರ್ಧ

ಧಾರವಾಡದ ಲೈನ್ ಬಜಾರ್ ಕಡೆಯ ಒಂದು ಓಣಿಯಲ್ಲಿರುವ ಕಟಿಂಗ್ ಅಂಗಡಿ ಇದು. ಹೆಸರು ಬರೆಯುವುದಿಲ್ಲ, ಮಾಲೀಕರು ಸಿಟ್ಟಾಗುತ್ತಾರೆ. ಮೂರೇ ಕುರ್ಚಿ. ಕಟಿಂಗ್ 120, ದಾಡಿ 60. ಬ್ಲೇಡ್ ನಿಮ್ಮ ಕಣ್ಣೆದುರೇ ಹೊಸದು ಹಾಕುತ್ತಾರೆ, ಕೊನೆಗೆ ಪಟಿಕ ಉಜ್ಜುತ್ತಾರೆ. ನನ್ನ ತಲೆಯಲ್ಲಿ ಎರಡು ಸುಳಿ ಇವೆ. ಬೇರೆ ಕಡೆ ಕತ್ತರಿಸಿದರೆ ಅಲ್ಲಿ ಕೂದಲು ಎದ್ದು ನಿಲ್ಲುತ್ತದೆ. ಇಲ್ಲಿ ಮಾತ್ರ ಸುಮ್ನೆ ಮಲಗುತ್ತದೆ.

ತಕರಾರು ಇರುವುದು ಗೋಡೆಯ ಟಿವಿ ಬಗ್ಗೆ. ದಿನವಿಡೀ ಯೂಟ್ಯೂಬ್. ಈಗೀಗ ಬರೀ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆ. 1963ರ ನವೆಂಬರ್ 22, ಅಮೆರಿಕದ ಡಲ್ಲಾಸ್, ತೆರೆದ ಕಾರು, ಅದೇ 26 ಸೆಕೆಂಡಿನ ಫಿಲ್ಮು ಹಿಂದಕ್ಕೂ ಮುಂದಕ್ಕೂ.

"ಡ್ರೈವರ್ ಹೊಡದಾನ್ರಿ ಸರ. ಕೈಯಾಗ ಪಿಸ್ತೂಲ್ ಹ್ಯಾಂಗ ಹೊಳೀತೈತಿ ನೋಡ್ರಿ!"

ಕುತ್ತಿಗೆ ಮೇಲೆ ಕತ್ತಿ ಇರುವಾಗ ಹೌದು ಅನ್ನದೆ ಏನು ಮಾಡುವುದು? ಅರಿವೆ ತೆಗೆದ ಮೇಲೆ ಮಾತಾಡಿದೆ.

ಆ ಹೊಳೆಯುವುದು ಡ್ರೈವರ್ ಪಕ್ಕ ಕೂತಿದ್ದ ಭದ್ರತಾ ಅಧಿಕಾರಿ ರಾಯ್ ಕೆಲ್ಲರ್‌ಮನ್ ತಲೆಗೂದಲ ಮೇಲೆ ಬಿದ್ದ ಬಿಸಿಲು. ಕಾಪಿಯಿಂದ ಕಾಪಿ ತೆಗೆದ ವಿಡಿಯೊದಲ್ಲಿ ಅದು ಪಿಸ್ತೂಲಿನ ಹಾಗೆ ಕಾಣುತ್ತದೆ. ಕ್ರಾಪಿನ ಹೊಳಪು ಇಡೀ ಧಾರವಾಡದಲ್ಲಿ ಮೊದಲು ಗೊತ್ತಾಗಬೇಕಾದದ್ದು ಇವರಿಗೇ ಅಲ್ವಾ! ಅದೂ ಬಿಡಿ. ಅದೇ ಕಾರಿನಲ್ಲಿ ಗವರ್ನರ್ ಕಾನಲಿ, ಅವರ ಹೆಂಡತಿ, ಜಾಕ್ವೆಲಿನ್ ಕೆನಡಿ ಇದ್ದರು. ಕಾನಲಿಗೂ ಗುಂಡು ತಗಲಿತ್ತು. ಮೂವರೂ ಆಮೇಲೆ ಹೇಳಿಕೆ ಕೊಟ್ಟರು. ಡ್ರೈವರ್ ತಿರುಗಿ ಹೊಡೆದ ಎಂದು ಒಬ್ಬರೂ ಹೇಳಲಿಲ್ಲ.

ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಟೈಪ್ ಮಾಡುವವನು. ಒಂದೇ ಹೊಡೆದಾಟ ನೋಡಿದ ನಾಲ್ವರು ನಾಲ್ಕು ದಿಕ್ಕು ತೋರಿಸುತ್ತಾರೆ. ಹಾಗಾಗಿ ಗುಂಡಿನ ಸದ್ದು ಎದುರಿನಿಂದ ಬಂತು ಎಂದು ಅಲ್ಲಿ ಕೆಲವರು ಹೇಳಿದರೆ ನನಗೆ ಆಶ್ಚರ್ಯವಿಲ್ಲ. ನನಗೆ ಬೇಕಾದದ್ದು ಚೀಟಿ, ಸೀಲು, ಟೈಮು. ಹತ್ಯೆಯ ಆರೋಪದಲ್ಲಿ ಸಿಕ್ಕಿಬಿದ್ದ ಓಸ್ವಾಲ್ಡ್ ಬಂದೂಕು ತರಿಸಿದ್ದು ಅಂಚೆಯಲ್ಲಿ, ಸುಳ್ಳು ಹೆಸರಿನಲ್ಲಿ; ಆರ್ಡರ್ ಚೀಟಿಯ ಅಕ್ಷರ ಅವನದೇ. ಬಂದೂಕು ಸಿಕ್ಕಿದ್ದು ಅವನು ಕೆಲಸ ಮಾಡುತ್ತಿದ್ದ ಪುಸ್ತಕ ಗೋದಾಮಿನ ಆರನೇ ಮಹಡಿಯಲ್ಲಿ.

ಇನ್ನೊಂದು ಚೀಟಿ ನನಗೆ ಇನ್ನೂ ಇಷ್ಟ. ಎರಡು ದಿನದ ನಂತರ ಓಸ್ವಾಲ್ಡ್‌ನನ್ನು ಪೊಲೀಸ್ ಕಚೇರಿಯಲ್ಲೇ ಕೊಂದ ಜ್ಯಾಕ್ ರೂಬಿ, ಬಾಯಿ ಮುಚ್ಚಿಸಲು ಸುಪಾರಿ ತಗೊಂಡವನು ಅಂತ ನಮ್ಮ ಮಾಲೀಕರ ವಾದ. ಆ ಬೆಳಿಗ್ಗೆ ರೂಬಿ ಹತ್ತಿರದ ವೆಸ್ಟರ್ನ್ ಯೂನಿಯನ್ ಕೌಂಟರಿನಲ್ಲಿ ತನ್ನ ಕ್ಲಬ್ಬಿನ ಡ್ಯಾನ್ಸರ್‌ಗೆ 25 ಡಾಲರ್ ಕಳಿಸಿದ. ರಸೀದಿ ಮೇಲಿನ ಸೀಲು 11:17. ಗುಂಡು ಹಾರಿದ್ದು 11:21ಕ್ಕೆ. ಓಸ್ವಾಲ್ಡ್‌ನನ್ನು ಸಾಗಿಸುವುದು 10 ಗಂಟೆ ಮೇಲೆ ಅಂತ ಮೊದಲೇ ಹೇಳಿದ್ದರು. ವಿಚಾರಣೆ ಎಳೆಯಿತು, ಕೊನೆಗೆ ಓಸ್ವಾಲ್ಡ್ ಸ್ವೆಟರ್ ಹಾಕಿಕೊಳ್ಳಬೇಕು ಅಂದ, ಇನ್ನಷ್ಟು ತಡ. ಸುಪಾರಿ ತಗೊಂಡವನು ಅಷ್ಟೊತ್ತಿನಲ್ಲಿ ಸಾಕಿದ ನಾಯಿಯನ್ನು ಕಾರಿನಲ್ಲಿ ಬಿಟ್ಟು ದುಡ್ಡು ಕಳಿಸಲು ಹೋಗುತ್ತಾನಾ?

"ಪೊಲೀಸ್ರ ಟೈಮ್ ಹೇಳಿರ್ತಾರ ಬಿಡ್ರಿ" ಅಂದರು. ಹಾಗಂದರೆ ಸ್ವೆಟರ್ ಕೇಳಿದ ಓಸ್ವಾಲ್ಡ್‌ನನ್ನೂ ಅವನದೇ ಕೊಲೆಯ ಸಂಚಿಗೆ ಸೇರಿಸಬೇಕಾಗುತ್ತದೆ. ಪಕ್ಕದ ಕುರ್ಚಿಯ ಅಜ್ಜ ನೊರೆ ಹಚ್ಚಿದ ಮುಖದಲ್ಲೇ ನಕ್ಕರು.

ಮಾಲೀಕರ ಒಂದು ಮಾತು ಮಾತ್ರ ನಿಜ. ಸರಕಾರ ಮುಚ್ಚಿಟ್ಟದ್ದು ಇದೆ. ಕ್ಯೂಬಾದ ನಾಯಕ ಕ್ಯಾಸ್ಟ್ರೋನನ್ನು ಕೊಲ್ಲಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನಡೆಸಿದ ಸಂಚುಗಳನ್ನು, ಕೆನಡಿ ಹತ್ಯೆಯ ತನಿಖೆ ಮಾಡಿದ ವಾರನ್ ಆಯೋಗಕ್ಕೆ ಹೇಳಲಿಲ್ಲ. 1979ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೇ 'ಬಹುಶಃ ಸಂಚು' ಅಂತ ಬರೆಯಿತು, ಪೊಲೀಸ್ ವೈರ್‌ಲೆಸ್‌ನ ಒಂದು ರೆಕಾರ್ಡಿಂಗ್ ನಂಬಿ. 1982ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿದಾಗ ಅದರಲ್ಲಿ ಗುಂಡಿನದೆಂದುಕೊಂಡ ಸದ್ದು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದ್ದು ಎಂದು ತಿಳಿಯಿತು. ಈ ಭಾಗ ಯೂಟ್ಯೂಬಿನವರು ಹಾಕುವುದೇ ಇಲ್ಲ.

ಮಂಗಳವಾರ ಬಂದ್. ಭಾನುವಾರ ವಿಪರೀತ ರಶ್, ಹೋಗಬೇಡಿ. ಬುಧವಾರ ಸಂಜೆ ಆರಾಮ. ಹೆಡ್ ಮಸಾಜ್ ಬಿಡಬೇಡಿ, 80 ರೂಪಾಯಿಗೆ ಕಡಿಮೆಯೇ. ಬಾಗಿಲ ಹತ್ತಿರದ ಕುರ್ಚಿ ಕೇಳಿ ಪಡೆಯಿರಿ, ಅಲ್ಲಿಂದ ಟಿವಿ ಕಾಣುವುದಿಲ್ಲ.