ಓದುಗರ ಬಳಗಕ್ಕೆ ಟೆಲಿಗ್ರಾಮ್: ಎರಡು ವರ್ಷ ಬಳಸಿದ ಮೇಲೆ

ನಮ್ಮ ಓದುಗರ ಬಳಗ ಮೊದಲು ಬೇರೊಂದು ಆ್ಯಪ್‌ನಲ್ಲಿತ್ತು. ಅಲ್ಲಿ ಹೊಸಬರಿಗೆ ಹಳೆಯ ಮಾತು ಒಂದೂ ಕಾಣುತ್ತಿರಲಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು, ಹಳಬರು ಬೇಜಾರಾಗಿ ಒಬ್ಬೊಬ್ಬರೇ ಜಾರಿಕೊಂಡರು. ಟೆಲಿಗ್ರಾಮ್‌ಗೆ ಬಂದಿದ್ದೇ ಅದಕ್ಕೆ.

ಇಲ್ಲಿ ಹಳೆಯ ಚರ್ಚೆಯೆಲ್ಲ ಹೊಸಬರಿಗೂ ಕಾಣುವಂತೆ ಇಡಬಹುದು. ಮೊನ್ನೆ ಸೇರಿದ ಒಬ್ಬರು ಹೋದ ವರ್ಷದ ಒಂದು ಚರ್ಚೆಯನ್ನು ಹುಡುಕಿ ತೆಗೆದು ಅದಕ್ಕೇ ಉತ್ತರ ಬರೆದರು, ಆರು ತಿಂಗಳಿಂದ ಸುಮ್ಮನಿದ್ದವರೂ ಮಾತಿಗೆ ಬಂದರು, ರಾತ್ರಿ ಹನ್ನೊಂದೂವರೆ ಆದರೂ ಯಾರಿಗೂ ಮಲಗುವ ಮನಸ್ಸಿಲ್ಲ. ಬಳಗ ಅಂದ್ರೆ ಇದೇ ಅಲ್ವಾ?

2022ರಲ್ಲಿ ಬಂದ ಟಾಪಿಕ್ಸ್, ಅಂದ್ರೆ ಒಂದೇ ಗುಂಪಿನ ಮಾತನ್ನು ವಿಷಯವಾರು ಬೇರೆ ಬೇರೆ ಇಡುವ ಸೌಲಭ್ಯ, ನನಗೆ ತುಂಬಾ ಇಷ್ಟ. ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ ಇದ್ದ ಹಾಗೆ: ಕತೆಗೊಂದು, ಕವಿತೆಗೊಂದು, ಸುಮ್ನೆ ಹರಟೆಗೊಂದು. ವಾದ ಬಿಸಿಯಾದರೆ ಸ್ಲೋ ಮೋಡ್ ಇದೆ, ಒಂದು ಸಂದೇಶ ಹಾಕಿದವರನ್ನು ಮುಂದಿನದಕ್ಕೆ 1 ಗಂಟೆವರೆಗೂ ಕಾಯಿಸಬಹುದು. ನಾವು ಒಮ್ಮೆ 5 ನಿಮಿಷ ಇಟ್ಟೆವು, ಅಷ್ಟರಲ್ಲೇ ಎಲ್ಲರೂ ಯೋಚಿಸಿ ಬರೆಯತೊಡಗಿದರು. ಫೋನ್ ನಂಬರ್ ಮುಚ್ಚಿಡಬಹುದು, ಇದರಿಂದ ಅಪರಿಚಿತರ ಜೊತೆ ಮಾತಾಡಲು ಹಿಂಜರಿಯುವವರಿಗೂ ಧೈರ್ಯ ಬರುತ್ತದೆ.

ಗುಂಪಿನಲ್ಲಿ 2 ಲಕ್ಷ ಜನರಿಗೆ ಜಾಗ ಇದೆಯಂತೆ, ನಮಗೆ ಅರವತ್ತೇ ಸಾಕು. ಅದಕ್ಕಿಂತ ಜಾಸ್ತಿ ಆದರೆ ಹೆಸರೇ ನೆನಪಿರಲ್ಲ.

ಒಂದು ಕೊರತೆ ಹೇಳಲೇಬೇಕು. ಗುಂಪಿನ ಮಾತಿಗೆ ಎಂಡ್-ಟು-ಎಂಡ್ ಗೂಢಲಿಪಿಯ (ಬರೆದವರು, ಪಡೆದವರು ಬಿಟ್ಟು ಆ್ಯಪ್ ಕಂಪನಿಯೂ ಓದಲಾಗದ) ರಕ್ಷಣೆ ಇಲ್ಲ, ಹಾಗಾಗಿ ಮನೆಯ ಕಷ್ಟ, ಕಾಯಿಲೆ ಇಂಥದ್ದನ್ನು ಅಲ್ಲಿ ಬರೆಯಬೇಡಿ ಅಂತ ನಾವು ಮೇಲೆಯೇ ಪಿನ್ ಮಾಡಿ ಇಟ್ಟಿದ್ದೇವೆ.