ಮೂರು ವರ್ಷ ವಿಡಿಯೋ ನೋಡಿ ಕೋವಿ ಬಿಚ್ಚಿದೆ: ಎಡ ಯಾವುದು, ಬಲ ಯಾವುದು?

ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ನನ್ನ ಫೋನು ತಲೆಕೆಳಗಾಗಿ ನಿಲ್ಲುತ್ತದೆ. ಪರದೆಯ ಮೇಲೆ ಮೇಷ್ಟ್ರೊಬ್ಬರು ಬಾವಲಿ ಹಾಗೆ ನೇತಾಡುತ್ತಾ ಪಾಠ ಮಾಡುತ್ತಿರುತ್ತಾರೆ. ನೋಡಿದವರು ನಗುತ್ತಾರೆ. ನಗಲಿ. ಕೋವಿ ಬಿಚ್ಚಿ, ಒರೆಸಿ, ಜೋಡಿಸೋದನ್ನು ಕಲಿಸುವ ಈ ವಿಡಿಯೋ ಕೋರ್ಸನ್ನು ಹೀಗೆ ನೋಡಿದರೆ ಮಾತ್ರ ಉಪಯೋಗ.

ನನ್ನ ಹತ್ತಿರ ಇರುವುದು ಅಪ್ಪನಿಂದ ಬಂದ ರೆಮಿಂಗ್ಟನ್ 870, 12 ಬೋರಿನ ಪಂಪ್ ಆಕ್ಷನ್, ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಕೋವಿ. 1950ರಲ್ಲಿ ಬಂದ ಮಾದರಿ, ಈವರೆಗೆ ಒಂದು ಕೋಟಿಗಿಂತ ಜಾಸ್ತಿ ತಯಾರಾಗಿವೆ. ಹಾಗಾಗಿ ವಿಡಿಯೋಗಳಿಗೇನೂ ಬರವಿಲ್ಲ. ಅಪ್ಪನ ಲೆಕ್ಕದಲ್ಲಿ ಕೋವಿ ನೋಡಿಕೊಳ್ಳೋದು ಅಂದರೆ ಎಣ್ಣೆ ಬಿಡೋದು. ಕಂಡ ಸಂದಿಗೆಲ್ಲ ಬಿಟ್ಟು, ಹೊರಗೆ ಒರೆಸಿ, ಬೀಗ ಹಾಕಿಡುತ್ತಿದ್ದರು. ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ಪಂಪ್ ಎಳೆದು ನೋಡಿದೆ. ಮರಳು ಅರೆದ ಹಾಗೆ ಸದ್ದು. ಅಷ್ಟು ವರ್ಷದ ಎಣ್ಣೆ ಒಳಗೆ ಅಂಟಾಗಿ ಕೂತಿತ್ತು. ಪ್ರತಿ ಸಲ ರಿಪೇರಿಯವರಿಗೆ ಕೊಡುವಷ್ಟು ದುಡ್ಡು ಇರಲಿಲ್ಲ, ಒಂದೇ ಸಲ ಕೋರ್ಸ್ ಕೊಂಡೆ.

ಈಗ ಆ ಎಡ ಬಲದ ಕಥೆ.

870ರ ಒಳಗೆ ಎರಡು ಶೆಲ್ ಲ್ಯಾಚ್‌ಗಳಿವೆ. ಎಡಗಡೆ ಒಂದು, ಬಲಗಡೆ ಒಂದು. ತೋಟಾಗಳು ಅವನ್ನು ತುಂಬಿಡುವ ಕೊಳವೆಯಿಂದ, ಅಂದರೆ ಮ್ಯಾಗಝೀನಿನಿಂದ, ಒಂದೊಂದಾಗಿಯೇ ಬರುವ ಹಾಗೆ ತಡೆದು ಬಿಡುವ ಉದ್ದನೆಯ ಪಟ್ಟಿಗಳು ಇವು. ಬಿಚ್ಚುವಾಗ ಎಡದ್ದನ್ನು ಒತ್ತಿ ಹಿಡಿದರೆ ಪಂಪಿನ ಹಿಡಿ ಮುಂದಕ್ಕೆ ಜಾರಿ ಹೊರಗೆ ಬರುತ್ತದೆ. ಜೋಡಿಸುವಾಗ ಮೊದಲು ಬಲ ಒತ್ತಬೇಕು, ಆಮೇಲೆ ಎಡ. ಇದರಲ್ಲೇನು ಕಷ್ಟ ಅಂತೀರಾ? ಕೋವಿಯ ಎಡ ಅಂದರೆ ಅದನ್ನು ಹೆಗಲಿಗೆ ಕೊಟ್ಟು ನೋಡುವವನ ಎಡ. ಬಿಚ್ಚುವಾಗ ಕೋವಿ ಮೇಜಿನ ಮೇಲೆ ಮಗುಚಿಕೊಂಡಿರುತ್ತದೆ. ಆಗ ಅದರ ಎಡ ನಮ್ಮ ಬಲಗೈ ಕಡೆಗೆ ಬರುತ್ತದೆ. ಕೋರ್ಸಿನವರು ಕ್ಯಾಮೆರಾ ಇಟ್ಟಿರುವುದು ಮೇಷ್ಟ್ರ ಎದುರಿಗೆ. ಅಲ್ಲಿ ಇನ್ನೊಂದು ಸಲ ತಿರುಗಿತು. ಮೇಷ್ಟ್ರು ಬಾಯಲ್ಲಿ ಎಡ ಅನ್ನುತ್ತಾರೆ, ಪರದೆಯಲ್ಲೂ ಅವರ ಬೆರಳು ಎಡಕ್ಕೇ ಕಾಣುತ್ತದೆ. ಅನುಮಾನ ಬರೋದಾದರೂ ಹೇಗೆ? ನಾನೂ ನನ್ನ ಎಡಕ್ಕೆ ಒತ್ತಿದೆ. ಅದು ಕೋವಿಯ ಬಲ.

ಮೊದಲ ಸಲ ಎರಡನ್ನೂ ತಡಕಾಡಿ ಹೇಗೋ ಬಿಚ್ಚಿದೆ. ಜೋಡಿಸೋಕೆ ಹೋದಾಗ ಶುರುವಾಯಿತು. ಪಂಪಿನ ಹಿಡಿಯ ಎರಡು ಕಂಬಿಗಳ ತುದಿಯಲ್ಲಿ ಸ್ಲೈಡು, ಅದರ ಮೇಲೆ ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಬೋಲ್ಟು. ಯಾವುದಕ್ಕೂ ಸ್ಕ್ರೂ ಇಲ್ಲ, ಸುಮ್ನೆ ಕೂತಿರುತ್ತವೆ. ಒಂದು ಕೈಯಲ್ಲಿ ಅದನ್ನು ಅಲುಗದ ಹಾಗೆ ಒಳಗೆ ತೂರಿಸಬೇಕು, ಇನ್ನೊಂದು ಕೈಯ ಬೆರಳಲ್ಲಿ ಲ್ಯಾಚ್ ಒತ್ತಬೇಕು. ಅರ್ಧ ಹೋಗಿ ನಿಂತಿತು. ಜೋರು ಮಾಡಿದೆ. ಬೋಲ್ಟು ಪಕ್ಕಕ್ಕೆ ವಾಲಿ ಟಣ್ ಅಂತ ಬಿತ್ತು. ಮತ್ತೆ ಕೂರಿಸಿದೆ, ಮತ್ತೆ ಬಿತ್ತು. ಒಂದು ಇಡೀ ಭಾನುವಾರ ಹೀಗೇ ಹೋಯಿತು.

ಗೆಳೆಯನೊಬ್ಬ ವಿಡಿಯೋವನ್ನು ಕನ್ನಡಿ ಮಾಡಿ ನೋಡು ಅಂದ. ಮಾಡಿದೆ. ಕಾಲಿ ತೋಟಾ ಹಾರಿಬರುವ ಕಿಂಡಿ ಕೋವಿಯ ಇನ್ನೊಂದು ಪಕ್ಕಕ್ಕೆ ಹೋಗಿಬಿಟ್ಟಿತು! ಅಂಥ ಕೋವಿ ನನ್ನ ಹತ್ತಿರ ಇಲ್ಲ. ಬೇಕಾಗಿದ್ದದ್ದು ಕನ್ನಡಿಯಲ್ಲ. ಚಿತ್ರವನ್ನು ಅರ್ಧ ಸುತ್ತು ತಿರುಗಿಸಬೇಕಿತ್ತು, ಅಷ್ಟೇ. ಪರದೆ ತಾನಾಗಿ ತಿರುಗೋದನ್ನು ಆಫ್ ಮಾಡಿ ಫೋನನ್ನು ತಲೆಕೆಳಗೆ ನಿಲ್ಲಿಸಿದೆ. ಮೇಷ್ಟ್ರ ಕೈಗಳು ನನ್ನ ಕೈಗಳ ಜಾಗಕ್ಕೆ ಬಂದವು. ಮೊದಲ ಯತ್ನಕ್ಕೇ ಹಿಡಿ ಸರ್ರನೆ ಒಳಗೆ ಹೋಯಿತು. ಈಗ ನಾನು ಎಡ ಬಲ ಅನ್ನೋದನ್ನೇ ಬಿಟ್ಟಿದ್ದೇನೆ. ಮೊದಲು ಕಿಂಡಿ ಇರುವ ಕಡೆ, ಆಮೇಲೆ ಕಿಂಡಿ ಇಲ್ಲದ ಕಡೆ. ಕೋವಿ ಹೇಗೆ ಮಲಗಿದ್ದರೂ ಇದು ತಪ್ಪಲ್ಲ. ಇಷ್ಟನ್ನು ಕೋರ್ಸಿನಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವರು ಹೇಳಿದ್ದು "ಬಿಚ್ಚಿದ ಕ್ರಮವನ್ನೇ ತಿರುಗಿಸಿ ಜೋಡಿಸಿ" ಅಂತ. ಬಿಚ್ಚೋಕೆ ಹದಿನೆಂಟು ನಿಮಿಷ, ಜೋಡಿಸೋಕೆ ನಲವತ್ತು ಸೆಕೆಂಡು. ಅದರಲ್ಲೂ ಕೊನೆಗೆ ಲೋಗೋ.

ಇಷ್ಟು ಬೈದರೂ ಇನ್ನೂ ಯಾಕೆ ನೋಡುತ್ತೀಯ ಅಂದರೆ, ಒಂದು ವಿಷಯಕ್ಕೆ ನಾನು ಅವರಿಗೆ ಋಣಿ. ಪ್ರತಿ ಪಾಠ ಶುರುವಾಗುವುದೂ ಕೋವಿ ಕಾಲಿ ಇದೆಯಾ ಅಂತ ನೋಡುವುದರಿಂದ. ಹದಿನಾಲ್ಕು ಪಾಠಕ್ಕೆ ಹದಿನಾಲ್ಕು ಸಲ. ಮೊದಮೊದಲು ಬೇಜಾರಾಗಿ ಆ ಭಾಗ ಓಡಿಸಿಬಿಡುತ್ತಿದ್ದೆ. ಈಗ ಅದು ನನ್ನ ಕೈಗೇ ಬಂದಿದೆ. ತೋಟಾಗಳು ಬೇರೆ ಕೋಣೆಯಲ್ಲಿ. ಪಂಪ್ ಹಿಂದಕ್ಕೆ. ತೋಟಾ ಕೂರುವ ಜಾಗ, ಚೇಂಬರ್ ಒಳಗೆ ಕಣ್ಣು ಹಾಯಿಸಿ ಕಿರುಬೆರಳು ಹಾಕಿ ನೋಡುತ್ತೇನೆ. ಮ್ಯಾಗಝೀನಿನ ಬಾಯಿಗೂ ಬೆರಳು ಹಾಕುತ್ತೇನೆ, ಒಳಗೆ ತೋಟಾಗಳನ್ನು ತಳ್ಳುವ ಫಾಲೋವರ್ ತಣ್ಣಗೆ ತಾಗಬೇಕು. ಅದು ತಾಗಿದ ಮೇಲೆಯೇ ಮೇಜಿನ ಮೇಲೆ ಹಳೇ ಟವೆಲ್ ಹಾಸೋದು.

ಆಮೇಲಿನ ಅರ್ಧ ಗಂಟೆ ನನಗೆ ಬಲು ಇಷ್ಟ. ಮೊಟ್ಟೆ ಟ್ರೇನ ಮೊದಲ ಗುಳಿಗೆ ಮ್ಯಾಗಝೀನ್ ಕ್ಯಾಪ್, ಎರಡನೇದಕ್ಕೆ ಟ್ರಿಗರ್ ಪ್ಲೇಟಿನ ಎರಡು ಪಿನ್ನು. ಬ್ಯಾರೆಲ್ ಎತ್ತಿ ಹಿಂಬದಿಯಿಂದ ಕಿಟಕಿ ಬೆಳಕಿಗೆ ಹಿಡಿದರೆ ಒಳಗೋಡೆಯಲ್ಲಿ ಮಂಕು ಗೆರೆಗಳು ಕಾಣುತ್ತವೆ. ತೋಟಾದೊಳಗಿನ ಪ್ಲಾಸ್ಟಿಕ್ ವ್ಯಾಡ್ ಉಜ್ಜಿಕೊಂಡು ಹೋದ ಗುರುತು ಅದು. ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಕಂಚಿನ ಬ್ರಷ್ಷನ್ನು ಚೇಂಬರ್ ಕಡೆಯಿಂದ ತೂರಿಸಿ ಎಳೆಯಬೇಕು. ಮೊದಲ ಬಟ್ಟೆ ತುಂಡು ಕಾಡಿಗೆ ಬಣ್ಣ, ಐದನೇದು ಬೂದಿ, ಎಂಟನೇದು ಬಿಳಿ. ಮತ್ತೆ ಬೆಳಕಿಗೆ ಹಿಡಿದರೆ ಉಂಗುರದೊಳಗೆ ಉಂಗುರ, ನೀರಿನ ಹಾಗೆ ಹೊಳೆಯುತ್ತದೆ. ಈ ಹೊತ್ತಿಗೆ ವಿಡಿಯೋ ನಿಲ್ಲಿಸೋಕೆ ಬೆರಳು ಇರಲ್ಲ, ಎಲ್ಲಾ ಎಣ್ಣೆ. ಮೊಣಕೈಯಲ್ಲೇ ಒತ್ತೋದು.

ಎಣ್ಣೆ ಎಷ್ಟು ಹಾಕಬೇಕು ಅನ್ನೋದನ್ನೂ ಇಲ್ಲೇ ಕಲಿತೆ. ಒಂದೆರಡು ಹನಿ, ಹಚ್ಚಿ ಒರೆಸಿದರೂ ಬೆರಳಿಗೆ ಜಿಡ್ಡು ತಾಗಿದರೆ ಸಾಕು. ಜಾಸ್ತಿಯಾದ ಎಣ್ಣೆ ಕೆಳಗಿಳಿದು ಮರದ ಸ್ಟಾಕಿಗೆ ಸೇರಿ ಮರ ಮೆತ್ತಗಾಗುತ್ತದೆ. ಅಪ್ಪನ ಕೋವಿಯ ಸ್ಟಾಕ್ ಕತ್ತಿನ ಹತ್ತಿರ ಕಪ್ಪಾಗಿರೋದು ಯಾಕೆ ಅಂತ ಆಗ ಗೊತ್ತಾಯಿತು. ಅವರಿಗೆ ಹೇಳಿದೆ. "ನಲವತ್ತು ವರ್ಷ ನಡೀತಲ್ಲ" ಅಂದರು.

ಕೋರ್ಸಿನ ಎರಡನೇ ಅರ್ಧ ಮಾತ್ರ ಬೇಸರ ತರಿಸಿತು. ಇವರದೇ ಸಾಲ್ವೆಂಟು, ಇವರದೇ ಎಣ್ಣೆ, ಇವರದೇ ಗ್ರೀಸು. ಪಾಠ ಯಾವುದು, ಜಾಹೀರಾತು ಯಾವುದು ತಿಳಿಯಲ್ಲ. ಹನ್ನೊಂದನೇ ಪಾಠದಲ್ಲಿ ಟ್ರಿಗರ್ ಹಗುರ ಮಾಡೋಕೆ ಅದರ ಕೊಕ್ಕೆಗೆ ಅರ ಹಾಕೋದನ್ನು ತೋರಿಸುತ್ತಾರೆ. ಕೂದಲೆಳೆಯಷ್ಟು ಜಾಸ್ತಿ ಸವೆದರೂ ಕೋವಿ ಬಿದ್ದ ಏಟಿಗೆ ಹಾರಬಹುದು. ಅದು ಮನೆ ಮೇಜಿನ ಕೆಲಸ ಅಲ್ಲ. ಟ್ರಿಗರ್ ಪ್ಲೇಟನ್ನು ನಾನು ಇಡಿಯಾಗಿ ತೆಗೆದು, ಬ್ರಷ್ಷಲ್ಲಿ ಉಜ್ಜಿ, ಇಡಿಯಾಗಿಯೇ ಹಾಕುತ್ತೇನೆ.

ಆಶ್ಚರ್ಯ ಅಂದರೆ, ನನಗೆ ಜಾಸ್ತಿ ಕಲಿಸಿದ್ದು ಒಂದು ಪುಕ್ಕಟೆ ವಿಡಿಯೋ. ಯಾರೋ ಒಬ್ಬ ಅಜ್ಜ. ಕ್ಯಾಮೆರಾ ಅವರ ಹೆಗಲ ಹಿಂದೆ. ಬೆಳಕು ಸಾಲದು, ನಡುವೆ ಕೆಮ್ಮು. ಆದರೆ ಅವರ ಎಡ ನನ್ನ ಎಡವೇ. ಸಂಗೀತ ಇಲ್ಲದ್ದರಿಂದ ಲ್ಯಾಚ್ ಕಚ್ಚುವ ಕ್ಲಿಕ್ ಸದ್ದು ಚೆನ್ನಾಗಿ ಕೇಳುತ್ತದೆ. ಒಂದು ಕಡೆ ಪಿನ್ನು ಬೀಳಿಸಿಕೊಂಡು ಮೇಜಿನ ಕೆಳಗೆ ಹುಡುಕುತ್ತಾರೆ, ಪೂರಾ ಎರಡು ನಿಮಿಷ. ಕತ್ತರಿಸಿಲ್ಲ. ನಾನೂ ಜೊತೆಗೆ ಕಾಯುತ್ತೇನೆ. ಕೊನೆಗೆ ಮದ್ದಿಲ್ಲದ ಮೂರು ಡಮ್ಮಿ ತೋಟಾ ಹಾಕಿ ಪಂಪ್ ಮಾಡಿ, ಒಂದೊಂದೇ ಹೊರಗೆ ಬೀಳೋದನ್ನು ತೋರಿಸುತ್ತಾರೆ. ದುಡ್ಡು ಕೊಟ್ಟ ಕೋರ್ಸಿನಲ್ಲಿ ಈ ಪರೀಕ್ಷೆಯೇ ಇಲ್ಲ.

ಕೋರ್ಸಿಗೆ ಐದಕ್ಕೆ ಮೂರು ಕೊಡುತ್ತೇನೆ. ಕಾಲಿ ನೋಡುವ ಅಭ್ಯಾಸಕ್ಕೆ ಎರಡು, ಬ್ಯಾರೆಲ್ ಪಾಠಕ್ಕೆ ಒಂದು. ಹೊಸಬರು ಲ್ಯಾಚ್ ಪಾಠಕ್ಕೆ ಬಂದಾಗ ಫೋನು ತಿರುಗಿಸಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಮ್ಯಾಗಝೀನ್ ಸ್ಪ್ರಿಂಗು ಹೇಳಿ ಕೇಳಿ ಹಾರಲ್ಲ. ನನ್ನದು ಹಾರಿ ಬೀರುವಿನ ಹಿಂದೆ ಬಿದ್ದಿತ್ತು. ಬೀರು ಸರಿಸೋಕೆ ಅಪ್ಪನನ್ನೇ ಕರೆಯಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ, ಮೇಜಿನ ಮೇಲಿದ್ದ ಎಣ್ಣೆ ಡಬ್ಬಿಯನ್ನು ನನ್ನ ಕಡೆಗೆ ಸ್ವಲ್ಪ ತಳ್ಳಿ ಹೋದರು.